ಮಸ್ಕಿಯಲ್ಲಿ ಕಾಣೆಯಾದ ಟಾಸ್ಕ್‌ಬಾರ್

ನನ್ನ ಬೀಳ್ಕೊಡುಗೆಯ ದಿನ ವೇದಿಕೆಯ ಮೇಲಿದ್ದ ಮೇಲಧಿಕಾರಿಯೊಬ್ಬರು ನನ್ನನ್ನು "ಮೌಸ್ ಅಲ್ಲಾಡಿಸಿ ಕಂಪ್ಯೂಟರ್ ರಿಪೇರಿ ಮಾಡಿದ ಪುಣ್ಯಾತ್ಮ" ಎಂದು ಬಣ್ಣಿಸಿದರು. ಸಭೆ ನಕ್ಕಿತು. ಕೊರಳಲ್ಲಿ ಹಾರವಿದ್ದುದರಿಂದ ನಾನೂ ನಗಬೇಕಾಯಿತು. ಮನೆಗೆ ಬಂದು ಹಾರ ತೆಗೆದಿಟ್ಟು, ಆ ಮಾತನ್ನೂ, ಆಡಿದವರ ಹುದ್ದೆಯನ್ನೂ, ಜೋರಾಗಿ ನಕ್ಕವರ ಹೆಸರುಗಳನ್ನೂ ಬರೆದಿಟ್ಟುಕೊಂಡೆ. ಮೊದಲ ಸಾಲಿನಲ್ಲಿ ನಕ್ಕವರು ಮೂವರು. ಆ ಮೂವರ ಯಂತ್ರಗಳನ್ನೂ ನಾನೇ ಸರಿಮಾಡಿಕೊಟ್ಟಿದ್ದೆ.

ಈಗ ಈ ಕೆಲಸಕ್ಕೆ ಸೇರುತ್ತಿರುವವರಿಗೆ ಅದರ ನಿಜಸ್ವರೂಪ ತಿಳಿದಿರಲಿ ಎಂಬ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ. ಇಲಾಖೆಯ ಹೆಸರನ್ನು ಬರೆಯುವುದಿಲ್ಲ. ಬರೆದರೆ ಕೆಲವರ ಹೆಸರನ್ನೂ ಬರೆಯಬೇಕಾಗುತ್ತದೆ, ಅವರು ಈಗಲೂ ಸೇವೆಯಲ್ಲಿದ್ದಾರೆ.

ನಾನು ಸೇರಿದ್ದು ಬೆರಳಚ್ಚುಗಾರನಾಗಿ. ಟೈಪ್‌ರೈಟರುಗಳನ್ನು ಗೋಣಿಚೀಲದಲ್ಲಿ ಸುತ್ತಿ ಮೂಲೆಗಿಟ್ಟು ಕಂಪ್ಯೂಟರುಗಳನ್ನು ತಂದಾಗ, ಕೀಗಳ ಮೇಲೆ ಬೆರಳಾಡಿಸಬಲ್ಲವನೆಂಬ ಒಂದೇ ಅರ್ಹತೆಯ ಮೇಲೆ ನನ್ನನ್ನು ತರಬೇತಿಗೆ ಕಳಿಸಿದರು. ಹಿಂದಿರುಗಿದ ಮೇಲೆ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿಯಲ್ಲಿದ್ದ ನಮ್ಮ ಇಲಾಖೆಯ ಕಚೇರಿಗಳ ಯಂತ್ರಗಳೆಲ್ಲ ನನ್ನ ಪಾಲಿಗೆ ಬಂದವು. ನಾನಿದ್ದದ್ದು ಸಿಂಧನೂರಿನಲ್ಲಿ. ಉಳಿದೆರಡು ಊರುಗಳಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ವಾಹನ ಕೇಳಿದಾಗ, "ಸ್ಕ್ರೂಡ್ರೈವರಿಗೆ ಜೀಪ್ ಬೇಕೇನು?" ಎಂದರು. ಅದೂ ಬರೆದಿಟ್ಟಿದೆ.

ನಿಮಗೆ ಬರುವ ಕರೆಗಳಲ್ಲಿ ಯಂತ್ರ ಸುಟ್ಟುಹೋದದ್ದು ಕಡಿಮೆ. ಹೆಚ್ಚಿನವು ಏನೋ ಕಾಣೆಯಾಯಿತೆಂಬ ಕರೆಗಳು. ಅದರಲ್ಲಿಯೂ ಪರದೆಯ ತಳದ ಟಾಸ್ಕ್‌ಬಾರ್ ಮತ್ತು ಅದರ ಎಡ ತುದಿಯ ಸ್ಟಾರ್ಟ್ ಗುಂಡಿ. ಇದನ್ನು ಸಣ್ಣ ವಿಷಯವೆಂದು ತಿಳಿಯಬೇಡಿ. ಆ ಪಟ್ಟಿ ಕಾಣದಿದ್ದರೆ ಸಾಮಾನ್ಯ ಗುಮಾಸ್ತನಿಗೆ ಕಡತ ತೆರೆಯುವ ದಾರಿಯಿಲ್ಲ, ಯಂತ್ರವನ್ನು ಕ್ರಮವಾಗಿ ಮುಚ್ಚುವ ದಾರಿಯೂ ಇಲ್ಲ. ಇಡೀ ಕಚೇರಿ ಅವನ ಬೆನ್ನ ಹಿಂದೆ ನಿಂತು, "ಏನ್ ಒತ್ತೀದಿ?" ಎಂದು ಕೇಳುತ್ತಿರುತ್ತದೆ.

ನನ್ನ ಮೊದಲ ದೊಡ್ಡ ತಪ್ಪು ನಡೆದದ್ದು ಲಿಂಗಸುಗೂರಿನಲ್ಲಿ. ಅಲ್ಲಿ ಖಾದರ್ ಸಾಹೇಬರೆಂಬ ಹಿರಿಯ ಗುಮಾಸ್ತರಿದ್ದರು. ಅವರ ಪರದೆಯ ಪಟ್ಟಿ ಮಾಯವಾಗಿತ್ತು. ತರಬೇತಿ ಮುಗಿದು ಇನ್ನೂ ಆರು ತಿಂಗಳಾಗಿರಲಿಲ್ಲ. ತಿಳಿಯದೆಂದು ಒಪ್ಪಿಕೊಳ್ಳುವ ಧೈರ್ಯ ನನಗಿರಲಿಲ್ಲ. ವ್ಯವಸ್ಥೆಯೇ ಕೆಟ್ಟಿದೆಯೆಂದು ಘೋಷಿಸಿ ಇಡೀ ಯಂತ್ರವನ್ನು ಫಾರ್ಮ್ಯಾಟ್ ಮಾಡಿಬಿಟ್ಟೆ. ಅವರು ಒಂದೂವರೆ ತಿಂಗಳು ಕುಳಿತು ಬೆರಳಚ್ಚು ಮಾಡಿದ್ದ ನೌಕರರ ಸೇವಾ ಪುಸ್ತಕಗಳ ಮಾಹಿತಿ ಅದರಲ್ಲಿತ್ತು. ಪಟ್ಟಿ ಬಂತು, ಅದೆಲ್ಲ ಹೋಯಿತು. ಖಾದರ್ ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡು, "ಹೋಗ್ಲಿ ಬಿಡ್ರಿ, ಮತ್ತ ಹೊಡೀತೀನಿ" ಎಂದಷ್ಟೇ ಹೇಳಿದರು. ನಾನು ವರದಿಯಲ್ಲಿ ದೋಷದ ಕಾರಣ ಎಂಬ ಅಂಕಣದಲ್ಲಿ "ಯಂತ್ರದ ವೈಫಲ್ಯ" ಎಂದು ಬರೆದು ಸಹಿ ಹಾಕಿದೆ.

ಎರಡು ತಿಂಗಳ ನಂತರ ಸಿಂಧನೂರಿನಲ್ಲಿ ಅದೇ ದೋಷ ಕಾಣಿಸಿತು. ಅಂದು ಬೇಸರದಿಂದ ಮೌಸನ್ನು ಪರದೆಯ ತಳಕ್ಕೆ ಎಳೆದೆ. ಅಲ್ಲಿ ಕೂದಲೆಳೆಯಷ್ಟು ತೆಳುವಾದ ಬೂದು ಗೆರೆಯೊಂದಿತ್ತು. ಅದರ ಮೇಲೆ ಮೌಸಿನ ಬಾಣ ಎರಡು ತಲೆಯದಾಯಿತು. ಹಿಡಿದು ಮೇಲಕ್ಕೆಳೆದರೆ ಇಡೀ ಟಾಸ್ಕ್‌ಬಾರ್ ಎದ್ದು ಬಂತು. ಯಾರೋ ತಿಳಿಯದೆ ಅದನ್ನು ಕೆಳಕ್ಕೆ ತಳ್ಳಿದ್ದರು, ಅಷ್ಟೇ. ಖಾದರ್ ಸಾಹೇಬರ ಯಂತ್ರದಲ್ಲಿಯೂ ಅದು ಅಲ್ಲಿಯೇ ಇದ್ದಿರಬೇಕು. ಇತರರು ನನಗೆ ಮಾಡಿದ ಅವಮಾನಗಳನ್ನೆಲ್ಲ ಬರೆದಿಡುವ ನಾನು, ಖಾದರ್ ಸಾಹೇಬರಿಗೆ ನಾನೇ ಮಾಡಿದ್ದನ್ನು ಬಹಳ ತಡವಾಗಿ ಬರೆದೆ. ಅಂದಿನಿಂದ ಕಾರಣದ ಅಂಕಣದಲ್ಲಿ ಸುಳ್ಳು ಬರೆಯುವುದನ್ನು ನಿಲ್ಲಿಸಿದೆ. ಬೇರೆಯವರು ಹೇಳಿಕೊಟ್ಟ ಸುಳ್ಳನ್ನೂ ಬರೆಯಲಿಲ್ಲ.

ಕ್ರಮೇಣ ಕೆಲಸದ ವಿಧಾನವೂ ಬದಲಾಯಿತು. ಫೋನು ಎಲ್ಲರ ಕೈಗೆ ಬಂದ ಮೇಲೆ ಹೊರಡುವ ಮುನ್ನವೇ ಕೆಲವು ಪ್ರಶ್ನೆಗಳನ್ನು ಕೇಳತೊಡಗಿದೆ. ಬಾಣವನ್ನು ನಾಲ್ಕೂ ಅಂಚಿಗೆ ಒಯ್ದಾಗ ಪಟ್ಟಿ ಇಣುಕುತ್ತದೆಯೇ? ಇಣುಕಿದರೆ ಅದು ತಾನೇ ಅಡಗುವಂತೆ ಯಾರೋ ಮಾಡಿದ್ದಾರೆ. ಬಾಣ ಯಾವುದಾದರೂ ಅಂಚನ್ನು ದಾಟಿ ಹೊರಗೆ ಹೋಗುತ್ತದೆಯೇ? ಎರಡು ದಿನಗಳಲ್ಲಿ ಯಂತ್ರಕ್ಕೆ ಏನನ್ನಾದರೂ ಹೊಸದಾಗಿ ಜೋಡಿಸಿದಿರಾ, ಬಿಚ್ಚಿದಿರಾ? "ನೀವು ಏನು ಮಾಡಿದಿರಿ?" ಎಂದು ಮಾತ್ರ ಎಂದಿಗೂ ಕೇಳುತ್ತಿರಲಿಲ್ಲ. ಆ ಪ್ರಶ್ನೆ ಕೇಳಿದ ಕೂಡಲೇ ಮನುಷ್ಯ ಏನೂ ಮಾಡಿಲ್ಲವೆಂದು ಹೇಳುತ್ತಾನೆ, ದೋಷದ ಜಾಡು ಅಲ್ಲಿಗೆ ಕೊನೆಯಾಗುತ್ತದೆ.

ಇನ್ನು ಮಸ್ಕಿಯ ಪ್ರಸಂಗ. ಇದನ್ನು ವಿವರವಾಗಿ ಬರೆಯಬೇಕಾಗಿದೆ.

ದಸರಾ ರಜೆ ಮುಗಿದು ಕಚೇರಿ ತೆರೆದ ಮೊದಲ ದಿನ. ಬೆಳಿಗ್ಗೆ ಹನ್ನೊಂದಕ್ಕೆ ಮಸ್ಕಿ ಕಚೇರಿಯ ಮುಖ್ಯಸ್ಥರು ಫೋನು ಮಾಡಿದರು. ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ಚಿಕ್ಕವರು. ಅವರನ್ನು ಇಲ್ಲಿ ಸಾಹೇಬರೆಂದು ಕರೆಯುತ್ತೇನೆ, ಅವರು ನನ್ನನ್ನು ಕರೆಯುತ್ತಿದ್ದುದು "ಟೈಪಿಸ್ಟರ" ಎಂದು. ಕಂಪ್ಯೂಟರಿನಲ್ಲಿ ಏನೂ ಉಳಿದಿಲ್ಲ, ಕೂಡಲೇ ಬರಬೇಕು ಎಂದರು. ಯಂತ್ರದ ಮುಂದೆ ಕುಳಿತವರಿಗೆ ಫೋನು ಕೊಡಿ, ಒಂದೆರಡು ಪ್ರಶ್ನೆ ಕೇಳುತ್ತೇನೆ ಎಂದೆ. "ಆಕಿನ ಏನ್ ಕೇಳ್ತೀರಿ? ಅಳಿಸಿದಾಕಿನ ಆಕಿ" ಎಂದು ಫೋನು ಇಟ್ಟುಬಿಟ್ಟರು.

ಆಕೆ ಎಂದರೆ ಸುಜಾತಾ. ಬಳಗಾನೂರಿನಿಂದ ಬಸ್ಸಿನಲ್ಲಿ ಬಂದುಹೋಗುತ್ತಿದ್ದ, ಗುತ್ತಿಗೆಯ ಮೇಲಿದ್ದ ಡೇಟಾ ಎಂಟ್ರಿ ಆಪರೇಟರ್. ವರ್ಷಕ್ಕೊಮ್ಮೆ ಗುತ್ತಿಗೆ ಮುಂದುವರಿಸಬೇಕು, ಮುಂದುವರಿಸಲು ಸಾಹೇಬರ ಶಿಫಾರಸು ಬೇಕು. ಅವಳ ಮನೆತನದಲ್ಲಿ ಕಚೇರಿಯ ಕುರ್ಚಿಯಲ್ಲಿ ಕುಳಿತ ಮೊದಲ ಹೆಣ್ಣುಮಗಳು ಅವಳು. ಅವಳ ಬೆರಳಚ್ಚಿನಲ್ಲಿ ನಾನು ತಪ್ಪು ಕಂಡದ್ದಿಲ್ಲ. ನನ್ನಂಥವನು ಹೀಗೆ ಬರೆಯುವುದು ಅಪರೂಪ.

ನಾನು ತಲುಪುವ ಹೊತ್ತಿಗೆ ಒಂದೂವರೆ ಗಂಟೆಯಾಗಿತ್ತು. ಸಾಹೇಬರ ಮೇಜಿನ ಮೇಲೆ ದಸರಾದ ಬನ್ನಿ ಎಲೆಗಳ ರಾಶಿಯಿತ್ತು. ಬಂದವರಿಗೆಲ್ಲ ಎದ್ದು ನಿಂತು ಬನ್ನಿ ಕೊಟ್ಟು ಕೈ ಹಿಡಿಯುತ್ತಿದ್ದರು. ನನಗೆ ಕೊಡಲಿಲ್ಲ. ವೈರಿಗೂ ಬನ್ನಿ ಕೊಟ್ಟು ಕಹಿ ಮರೆಯುವ ದಿನಗಳವು. ನನಗೆ ಒಂದು ಕಾಗದ ತೋರಿಸಿದರು. ಯಂತ್ರ ನಡೆಯದ ಕಾರಣ ಕೈಯಲ್ಲಿಯೇ ಬರೆದ ಮೆಮೋ. ವಿದ್ಯಾರ್ಥಿನಿಯರ ವಸತಿ ನಿಲಯದ ಪ್ರವೇಶ ಯಾದಿಯನ್ನು ಅಂದು ಸಂಜೆ ಐದು ಗಂಟೆಯೊಳಗೆ ಜಿಲ್ಲಾ ಕಚೇರಿಗೆ ಆನ್‌ಲೈನಿನಲ್ಲಿ ಕಳಿಸಬೇಕಿತ್ತು. ಆ ಯಾದಿಯನ್ನು ಸುಜಾತಾ ದುರುದ್ದೇಶದಿಂದ ಅಳಿಸಿದ್ದಾಳೆ, ಆದ್ದರಿಂದ ಅವಳ ಗುತ್ತಿಗೆ ಮುಂದುವರಿಸಬಾರದು, ಎಂದು ಅದರಲ್ಲಿತ್ತು. ಕೆಳಗೆ ಸಹಿಯೂ ಆಗಿತ್ತು.

ದುರುದ್ದೇಶ ಏಕೆ ಎಂದು ಕೇಳಿದೆ.

"ಆಯುಧಪೂಜಾ ದಿನ ಎಲ್ಲಾರೂ ಒಳಗಿದ್ರ ಆಕಿ ಹೊರಗ ನಿಂತ್ಲು. ಕಂಪ್ಯೂಟರಿಗೆ ಒಂದು ಹೂವು ಏರಿಸವಾ ಅಂದ್ರ, ನಮ್ಮನ್ಯಾಗ ಆ ಪದ್ಧತಿ ಇಲ್ರಿ ಅಂದ್ಲು. ನಾಕ್ ಮಾತು ಅಂದೆ. ಆ ಸಿಟ್ಟು ಇಟ್ಕೊಂಡಾಳ."

ಸುಜಾತಾಳ ಮನೆಯವರು ಬೌದ್ಧರು. ಅದು ಆ ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ, ಸಾಹೇಬರಿಗೂ ಗೊತ್ತಿತ್ತು. ನಾನು ಪಕ್ಕದ ಕೋಣೆಗೆ ಹೋದೆ.

ಅವಳು ಯಂತ್ರದ ಮುಂದೆ ಕುಳಿತಿರಲಿಲ್ಲ, ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು. ಕುರ್ಚಿಯಿಂದ ಎಬ್ಬಿಸಿದ್ದರಂತೆ. ಪರದೆಯ ಮೇಲೆ ಬೆಟ್ಟದ ಚಿತ್ರವೊಂದೇ ಇತ್ತು. ಟಾಸ್ಕ್‌ಬಾರ್ ಇಲ್ಲ, ಸ್ಟಾರ್ಟ್ ಗುಂಡಿ ಇಲ್ಲ, ಒಂದು ಕಡತದ ಗುರುತೂ ಇಲ್ಲ. ಕೀಲಿಮಣೆಯ ಸಂದುಗಳಲ್ಲಿ ಕುಂಕುಮ ಒಣಗಿ ಅಂಟಿತ್ತು. ಮೂರು ಸಲ ಆರಿಸಿ ಹಚ್ಚಿದರೂ ಹೀಗೆಯೇ ಇದೆ ಎಂದಳು. ರಜೆಯ ಮುಂಚಿನ ದಿನ, ಪೂಜೆಗೆ ಮೊದಲೇ, ಯಾದಿಯನ್ನು ಪೂರ್ತಿ ಮುಗಿಸಿ, ಎರಡು ಸಲ ತಾಳೆ ನೋಡಿ ಉಳಿಸಿದ್ದಳು.

ನಾನು ಬಾಣವನ್ನು ತಳಕ್ಕೆ ಒಯ್ದೆ. ಗೆರೆಯಿರಲಿಲ್ಲ. ಮೇಲೆ, ಎಡಕ್ಕೆ ಒಯ್ದೆ. ಬಾಣ ಅಂಚಿಗೆ ಬಡಿದು ನಿಂತಿತು. ಬಲಕ್ಕೆ ಒಯ್ದೆ. ಬಾಣ ಅಂಚನ್ನು ದಾಟಿತು, ಮಾಯವಾಯಿತು.

ಅಷ್ಟರಲ್ಲಿ ಸಾಹೇಬರು ಬಾಗಿಲಿಗೆ ಬಂದು ನಿಂತಿದ್ದರು. ಫಾರ್ಮ್ಯಾಟ್ ಮಾಡಿ ಮುಗಿಸಿರಿ, ಯಾದಿಯನ್ನು ಬೇರೆಯವರಿಂದ ಹೊಡೆಸುತ್ತೇನೆ ಎಂದರು. ನಾನು ಎದ್ದು ನಿಂತು, ಹಾಗೆ ಮಾಡುವುದಿಲ್ಲ, ಮಾಡಲೇಬೇಕೆಂದಿದ್ದರೆ ಆ ಆದೇಶವನ್ನು ಬರವಣಿಗೆಯಲ್ಲಿ ಕೊಡಿ ಎಂದೆ. "ನಾಕೂವರಿ ತನಕ ನೋಡ್ತೀನಿ. ಆಮ್ಯಾಲ ಮೆಮೋ ಹೋಗ್ತದ" ಎಂದು ಅವರು ಊಟಕ್ಕೆ ಹೋದರು, ತಮ್ಮ ಕೋಣೆಗೆ ಬೀಗ ಹಾಕಿಕೊಂಡು.

ಬಾಣ ಅಂಚು ದಾಟಿತೆಂದರೆ ಆ ಕಡೆ ಇನ್ನೊಂದು ಪರದೆ ಇದೆಯೆಂದೇ ಅರ್ಥ. ಆ ಕೋಣೆಯಲ್ಲಿ ಇನ್ನೊಂದು ಪರದೆ ಇರಲಿಲ್ಲ. ಮೇಜನ್ನು ಎಳೆದು ಯಂತ್ರದ ಬೆನ್ನು ನೋಡಿದೆ. ಕಪ್ಪು ಕೇಬಲ್ಲೊಂದು ಹೊರಟು ಗೋಡೆಯ ರಂಧ್ರದೊಳಗೆ ಹೋಗಿತ್ತು.

"ಇದು ಎಲ್ಲಿಗೆ ಹೋಗ್ಯಾದ, ತಂಗಿ?"

"ಸಾಹೇಬ್ರ ರೂಮಿನ ಟಿವಿಗ್ರಿ ಸರ. ಮೀಟಿಂಗ್ ಇದ್ದಾಗ ನಾ ಇಲ್ಲಿ ಹಚ್ಚಿದ್ದು ಅಲ್ಲಿ ಕಾಣ್ತದ. ನಾ ಒಳಗ ಹೋಗಿ ನೋಡಿಲ್ರಿ, ಕರೀಲಾರದ ಹೋಗಂಗಿಲ್ಲ."

ಪೂಜೆಯ ದಿನ ಇಲ್ಲಿ ಕುಳಿತವರು ಯಾರೆಂದು ಕೇಳಿದೆ. ದೊಡ್ಡ ಟಿವಿಯಲ್ಲಿ ದೇವಿಯ ಚಿತ್ರ ಬರಬೇಕೆಂದು ಸಾಹೇಬರೇ ಬಂದು ಕೀ ಒತ್ತಿದರು, ತನ್ನನ್ನು ಹೊರಗೆ ಹೋಗೆಂದರು, ಎಂದಳು.

ನನಗೆ ಎಲ್ಲವೂ ತಿಳಿಯಿತು. ಕಿಟಕಿಯ ಚಿತ್ರವಿರುವ ಕೀಯನ್ನೂ ಪಿ ಅಕ್ಷರವನ್ನೂ ಕೂಡಿಸಿ ಒತ್ತಿದರೆ ಎರಡು ಪರದೆಗಳನ್ನು ಹೇಗೆ ಬಳಸಬೇಕೆಂಬ ಆಯ್ಕೆ ಬರುತ್ತದೆ. ಎರಡರಲ್ಲಿಯೂ ಒಂದೇ ಚಿತ್ರ ತೋರಿಸುವುದರ ಬದಲು, ಎರಡನ್ನೂ ಉದ್ದಕ್ಕೆ ಜೋಡಿಸುವ ಆಯ್ಕೆಯನ್ನು ಸಾಹೇಬರು ಒತ್ತಿದ್ದರು. ಹಿಂದೆ ಯಾವುದೋ ಸಭೆಗಾಗಿ ಟಿವಿಯನ್ನೇ ಮುಖ್ಯ ಪರದೆಯೆಂದು ಗುರುತಿಸಿದ್ದು ಹಾಗೆಯೇ ಉಳಿದಿತ್ತು. ಟಾಸ್ಕ್‌ಬಾರ್, ಗುಂಡಿ, ಕಡತಗಳ ಗುರುತುಗಳು ಎಲ್ಲವೂ ಮುಖ್ಯ ಪರದೆಗೆ ಹೋಗಿ ಕುಳಿತಿದ್ದವು. ಟಿವಿ ಆರಿದ್ದರೂ ಕೇಬಲ್ ಇದ್ದುದರಿಂದ ಯಂತ್ರವು ಅದನ್ನು ಇದೆಯೆಂದೇ ತಿಳಿದಿತ್ತು. ಕೇಬಲ್ ಕಿತ್ತರೆ ಎರಡು ಕ್ಷಣದಲ್ಲಿ ಎಲ್ಲವೂ ಇತ್ತ ಬರುತ್ತಿತ್ತು.

ನನ್ನ ಕೈ ಕೇಬಲ್ಲಿನ ಮೇಲಿತ್ತು. ನಾನು ಕೀಳಲಿಲ್ಲ.

ಏಕೆಂದರೆ ಇಷ್ಟು ವರ್ಷಗಳಲ್ಲಿ ನಾನು ಕಂಡುಕೊಂಡಿದ್ದ ಒಂದು ಸಂಗತಿ ಇತ್ತು. ದೋಷ ಕ್ಷಣದಲ್ಲಿ ಸರಿಹೋದರೆ ದೋಷವೇ ಇರಲಿಲ್ಲವೆನ್ನುತ್ತಾರೆ, ಆಪರೇಟರೇ ಅಡಗಿಸಿಟ್ಟಿದ್ದಳೆನ್ನುತ್ತಾರೆ. ಸಾಹೇಬರು ಬರುವ ಮೊದಲೇ ಸರಿಮಾಡಿದರೆ ಯಾದಿ ಹೋಗುತ್ತದೆ, ಮೆಮೋ ಉಳಿಯುತ್ತದೆ. ಯಾದಿ ಎಲ್ಲಿದೆಯೋ ಅಲ್ಲಿಯೇ ಅವರ ಕಣ್ಣಿಗೆ ಬೀಳಬೇಕು. ಆದರೆ ಕೋಣೆಗೆ ಬೀಗವಿತ್ತು, ಗಂಟೆ ಎರಡೂವರೆ ದಾಟಿತ್ತು. ಅವರು ತಡವಾಗಿ ಬಂದರೆ ಯಾದಿಯೂ ಹೋಗದೆ ಅವಳ ಮೇಲಿನ ಆರೋಪ ನಿಜವೇ ಆಗಿಬಿಡುತ್ತಿತ್ತು. ನನ್ನ ಹಟಕ್ಕೆ ಇನ್ನೊಬ್ಬರ ಅನ್ನವನ್ನು ಪಣಕ್ಕಿಡುವ ಹಕ್ಕು ನನಗಿರಲಿಲ್ಲ. ಆದ್ದರಿಂದ ಎರಡು ದಾರಿಯನ್ನೂ ಅವಳಿಗೆ ಬಿಡಿಸಿ ಹೇಳಿದೆ.

ಅವಳು ಗಡಿಯಾರ ನೋಡಿದಳು. "ಕಳಸಾಕ ಎಷ್ಟು ಹೊತ್ತು ಬೇಕ್ರಿ?" ಎಂದು ಕೇಳಿ, ಉತ್ತರವನ್ನು ತಾನೇ ಹೇಳಿಕೊಂಡಳು. "ಹದಿನೈದು ನಿಮಿಷ ಸಾಕು. ಸೈಟ್ ನಿಧಾನ ಇದ್ರ ಇಪ್ಪತ್ತು." ಆಮೇಲೆ, "ತೋರಸೋಣ್ರಿ ಸರ" ಎಂದಳು.

ಸಾಹೇಬರು ಬಂದದ್ದು ಮೂರೂ ಮುಕ್ಕಾಲಿಗೆ, ಬನ್ನಿ ಕೊಡಲು ಬಂದ ನಾಲ್ವರು ಗುತ್ತಿಗೆದಾರರೊಂದಿಗೆ. ನಾನು ಒಳಗೆ ಹೋಗಿ, ಟಿವಿ ನೋಡಬೇಕು ಎಂದೆ. ಕೈ ಎತ್ತಿ ತಡೆದರು. ನಾಲ್ಕು ಕುರ್ಚಿಗಳಲ್ಲಿ ನಾಲ್ವರು ಕುಳಿತರು, ಐದನೆಯ ಕುರ್ಚಿ ಖಾಲಿಯಿತ್ತು, ನಾನು ನಿಂತೆ. ಚಹಾ ಬಂತು. ಕಾಲುವೆಗೆ ಯಾವಾಗ ನೀರು ಬಿಡುತ್ತಾರೆ, ಭತ್ತ ಹೇಗಿದೆ, ಎಲ್ಲವೂ ಆಯಿತು. ನಾನು ಎರಡು ಸಲ ಬಾಯಿ ತೆರೆದೆ, ಎರಡು ಸಲವೂ ಅವರು ಬೇರೆಯವರತ್ತ ತಿರುಗಿದರು. ಗೋಡೆಯ ಟಿವಿಗೆ ಹೊಸ ಬಟ್ಟೆ ಹೊದಿಸಿ, ಅದರ ಮೇಲೆ ಚೆಂಡುಹೂವಿನ ಹಾರ ಹಾಕಿದ್ದರು. ಹೂವು ಬಾಡಿತ್ತು. ಪಕ್ಕದ ಗಡಿಯಾರದಲ್ಲಿ ನಾಲ್ಕು ಹತ್ತು ಆಯಿತು, ನಾಲ್ಕು ಹದಿನೆಂಟು ಆಯಿತು. ಕೋಣೆಯ ಆಚೆ ಸುಜಾತಾ ಒಮ್ಮೆ ಕೆಮ್ಮಿದ್ದು ಕೇಳಿಸಿತು.

ನಾಲ್ಕು ಇಪ್ಪತ್ತಕ್ಕೆ ನಾನು ಚಪ್ಪಲಿ ಕಳಚಿ ಟಿವಿಯ ಕಡೆಗೆ ನಡೆದೆ.

"ಏಯ್, ಟೈಪಿಸ್ಟರ, ಅದು ಪೂಜಾ ಆಗಿದ್ದು. ಮುಟ್ಟಬ್ಯಾಡ್ರಿ."

"ನಿಮ್ಮ ಯಾದಿ ಇದರ ಕೆಳಗೈತ್ರಿ ಸಾಹೇಬ್ರ."

ಹಾರವನ್ನು ಎರಡು ಕೈಯಲ್ಲಿ ಎತ್ತಿ ಮೇಜಿನ ಮೇಲಿಟ್ಟೆ, ಬಟ್ಟೆ ಸರಿಸಿದೆ, ಟಿವಿ ಹಚ್ಚಿದೆ. ಮೊದಲು ಬೆಟ್ಟದ ಚಿತ್ರ ಬಂತು. ಆಮೇಲೆ ಎಡಗಡೆ ಕಡತಗಳ ಸಾಲು, ಅದರಲ್ಲಿ ಮೂರನೆಯದು ವಸತಿ ನಿಲಯದ ಯಾದಿ. ತಳದಲ್ಲಿ, ತುದಿಯಿಂದ ತುದಿಗೆ, ಟಾಸ್ಕ್‌ಬಾರ್.

"ತಂಗಿ," ಎಂದು ಕೂಗಿದೆ, "ಅಲ್ಲಿಂದನ ಕಿಟಕಿ ಚಿತ್ರದ ಕೀ ಒತ್ತು."

ಅವಳು ಪಕ್ಕದ ಕೋಣೆಯಲ್ಲಿ ಒತ್ತಿದಳು. ಸಾಹೇಬರ ಗೋಡೆಯ ಮೇಲೆ ಸ್ಟಾರ್ಟ್ ಮೆನು ಎದ್ದಿತು. ಮತ್ತೊಮ್ಮೆ ಒತ್ತಲು ಹೇಳಿದೆ, ಇಳಿಯಿತು.

ಗುತ್ತಿಗೆದಾರರಲ್ಲಿ ಹಿರಿಯರೊಬ್ಬರು ಚಹಾದ ಕಪ್ಪು ಕೆಳಗಿಟ್ಟು, "ಸಾಹೇಬ್ರ, ಮುಂಜಾನಿಂದ ಆ ಹುಡುಗಿನ ಬೈಯಾಕತ್ತೀರಂತ. ಇದು ನಿಮ್ಮ ತಲಿ ಮ್ಯಾಲನ ಐತಲ್ರಿ" ಎಂದರು. ಉಳಿದ ಮೂವರು ಬಾಗಿಲ ಕಡೆ ನೋಡತೊಡಗಿದರು.

ಸಾಹೇಬರು, ಸಿಕ್ಕಿತಲ್ಲ, ಹೋಗಿ ಕೆಲಸ ನೋಡಿರಿ ಎಂದರು. ನಾನು ಆಚೆ ಹೋಗಿ, ಕಿಟಕಿಯ ಕೀಯನ್ನೂ ಪಿ ಅಕ್ಷರವನ್ನೂ ಒತ್ತಿ ಎಲ್ಲವನ್ನೂ ಅವಳ ಪರದೆಗೆ ತಂದೆ. ಸುಜಾತಾ ತನ್ನ ಕುರ್ಚಿಯಲ್ಲಿ ಕುಳಿತಳು. ಯಾದಿಯನ್ನು ತೆರೆದು, ಅಷ್ಟು ಅವಸರದಲ್ಲಿಯೂ ಮೊದಲ ಮತ್ತು ಕೊನೆಯ ಹೆಸರನ್ನು ತಾಳೆ ನೋಡಿ ಕಳಿಸಿದಳು. ಸೈಟು ಎರಡು ಸಲ ತಿರಸ್ಕರಿಸಿತು. ಮೂರನೆಯ ಸಲ, ಐದಕ್ಕೆ ಏಳು ನಿಮಿಷವಿರುವಾಗ, ಸ್ವೀಕೃತಿಯ ಸಂಖ್ಯೆ ಬಂತು.

ನಾನು ವರದಿ ಬರೆಯಲು ಕುಳಿತೆ. ಸಾಹೇಬರು ಬಂದು, ಗುತ್ತಿಗೆದಾರರು ಹೋದ ಮೇಲಿನ ಮೆಲುದನಿಯಲ್ಲಿ, ಕಾರಣದ ಅಂಕಣದಲ್ಲಿ "ತಾಂತ್ರಿಕ ದೋಷ" ಎಂದು ಬರೆದರೆ ಸಾಕು, ಮೆಮೋ ವಿಷಯ ತಾವು ನೋಡಿಕೊಳ್ಳುವುದಾಗಿ ಹೇಳಿದರು. ನೋಡಿಕೊಳ್ಳುವುದೆಂದರೆ ಮೇಜಿನ ಖಾನೆಯಲ್ಲಿಟ್ಟುಕೊಳ್ಳುವುದು, ಗುತ್ತಿಗೆ ಮುಂದುವರಿಸುವ ತಿಂಗಳಲ್ಲಿ ಹೊರತೆಗೆಯುವುದು. ಯಾವ ದಿನ, ಯಾರು, ಯಾವ ಕೀ ಒತ್ತಿದ್ದರಿಂದ ಏನಾಯಿತೆಂಬುದನ್ನು ನಾನು ಒಂಬತ್ತು ಸಾಲುಗಳಲ್ಲಿ ಬರೆದೆ. ಬರೆಯುತ್ತಿರುವಂತೆಯೇ, ಯಾದಿ ಅಳಿದಿಲ್ಲವೆಂದು ವರದಿ, ಅಳಿಸಿದ್ದಾಳೆಂದು ಮೆಮೋ, ಎರಡೂ ಜಿಲ್ಲಾ ಕಚೇರಿಗೆ ಹೋದರೆ ಅವರು ಯಾವುದನ್ನು ನಂಬಬೇಕು ಎಂದು ಕೇಳಿದೆ. ಸಾಹೇಬರು ತಮ್ಮ ಕೋಣೆಗೆ ಹೋಗಿ ಮೆಮೋ ತಂದು, ಅವಳತ್ತ ತಿರುಗದೆ, ನನ್ನ ಎದುರಿಗೆ ಹರಿದರು. ಕ್ಷಮೆ ಕೇಳಲಿಲ್ಲ. ಅದನ್ನೂ ಇಲ್ಲಿ ದಾಖಲಿಸುತ್ತೇನೆ.

ಅವರು ಹೋದ ಮೇಲೆ ಸುಜಾತಾಳಿಗೆ ಆ ಎರಡು ಕೀಗಳನ್ನು ತೋರಿಸಿದೆ. ಅವಳು ಮೂರು ಸಲ ಒತ್ತಿ ನೋಡಿದಳು. ಇನ್ನು ಮುಂದೆ ನನಗಾಗಿ ಕಾಯಬೇಕಾಗಿಲ್ಲ ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

"ಕೀ ಗೊತ್ತಿದ್ರೂ, ಸರ," ಎಂದಳು ಪರದೆಯಿಂದ ಕಣ್ಣು ತೆಗೆಯದೆ, "ಆ ಬಟ್ಟಿ ನಾ ಎತ್ತಿದ್ದಿದ್ರ ಏನಾಗ್ತಿತ್ತ್ರಿ?"

ವರದಿಯನ್ನು ಮತ್ತೆ ತೆರೆದೆ. ಅದರ ಕೊನೆಯಲ್ಲಿ ಸಲಹೆ ಎಂಬ ಅಂಕಣವಿರುತ್ತದೆ. ಅಂದಿನವರೆಗೆ ನನ್ನ ಇಡೀ ಸೇವೆಯಲ್ಲಿ ಅದನ್ನು ಖಾಲಿ ಬಿಟ್ಟಿದ್ದೆ, ಯಾರೂ ಓದುವುದಿಲ್ಲವೆಂದು. ಅಂದು ಬರೆದೆ: ಮುಖ್ಯಸ್ಥರ ಕೋಣೆಯ ಟಿವಿ ಹಾಗೂ ಕೇಬಲ್ ಈ ಯಂತ್ರದ ಭಾಗವಾಗಿರುವುದರಿಂದ, ಆಪರೇಟರ್ ಸುಜಾತಾ ಅವರು ಕಚೇರಿಯ ವೇಳೆಯಲ್ಲಿ ಯಾವಾಗ ಬೇಕಾದರೂ ಆ ಕೋಣೆಗೆ ಹೋಗಿ ಅವುಗಳನ್ನು ಮುಟ್ಟಿ ಪರೀಕ್ಷಿಸಬಹುದು, ಯಾರ ಅನುಮತಿಯೂ ಬೇಕಾಗಿಲ್ಲ.

ವರದಿಗೆ ಕಚೇರಿಯ ಮುಖ್ಯಸ್ಥರ ಸಹಿಯೂ ಬೇಕಿತ್ತು, ಒಯ್ದು ಕೊಟ್ಟೆ. ಸಾಹೇಬರು ಓದಿ, ಇದು ಯಾಕೆ ಎಂದರು. ತಾಂತ್ರಿಕ ಅವಶ್ಯಕತೆ ಎಂದೆ. ಸಹಿ ಹಾಕದಿದ್ದರೆ, ನಿರಾಕರಿಸಿದರೆಂದು ಬರೆದು ಕಳಿಸುವ ನಿಯಮವಿದೆ ಎಂದೂ ತಿಳಿಸಿದೆ. ಅವರು ಪೆನ್ನು ತೆಗೆದು ಸಹಿ ಹಾಕಿದರು.

ಒಂದು ಪ್ರತಿಯನ್ನು ಸುಜಾತಾಳಿಗೆ ಕೊಟ್ಟೆ. ಅವಳು ಆ ಕೊನೆಯ ಸಾಲುಗಳನ್ನು ಎರಡು ಸಲ ಓದಿದಳು. ಮಡಚಿ ಚೀಲದಲ್ಲಿಟ್ಟುಕೊಂಡಳು. ಆಮೇಲೆ ಎದ್ದು, ಸಾಹೇಬರು ಕುಳಿತಿದ್ದ ಹಾಗೆಯೇ ಅವರ ಕೋಣೆಗೆ ಹೋಗಿ, ಟಿವಿಯ ಹಿಂದೆ ಕೈ ಹಾಕಿ, ಕೇಬಲ್ ಬಿಗಿಯಾಗಿದೆಯೇ ಎಂದು ನೋಡಿ ಬಂದಳು.